ಅಳು ಕಲಿತ ಮನೆ

ಟ್ಯಾಕ್ಸಿ ಮನೆಯ ಬೀದಿಗೆ ತಿರುಗುವ ಹೊತ್ತಿಗೆ ಕತ್ತರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆತ್ತು ವಾರವೂ ಆಗದ ಬಾಣಂತಿ ಹೀಗೆ ಕುಣಿಯಬಾರದು ಎಂದು ಪಕ್ಕದಲ್ಲಿದ್ದ ಅತ್ತೆ ಕಣ್ಣಲ್ಲೇ ಗದರಿಸುತ್ತಿದ್ದರು. ಗದರಿಸಲಿ. ಮಡಿಲಲ್ಲಿ ಮಗಳು, ಮುಂದಿನ ಸೀಟಿನಲ್ಲಿ ಗಂಡ, ಆ ತುದಿಯ ಕಟ್ಟಡದ ಮೂರನೇ ಮಹಡಿಯಲ್ಲಿ ತಾನೇ ನಿಂತು ಸಜ್ಜು ಮಾಡಿಸಿದ ಮನೆ. ಮನೆಗೆ ಮಗಳನ್ನು ತೋರಿಸಬೇಕು, ಮಗಳಿಗೆ ಮನೆಯನ್ನು ತೋರಿಸಬೇಕು. ಕಾಲು ನೆಲದ ಮೇಲೆ ನಿಲ್ಲದಿರಲು ಇಷ್ಟು ಸಾಲದೇ?

ಕತ್ತರಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಮಾಡಿ ತೋರಿಸುವ ಒಂದು ಹೆಸರು ಇರುತ್ತದೆ. ಅದನ್ನು ಜೊತೆಯವರೇ ಇಡಬೇಕು, ಇಟ್ಟ ಮೇಲೆ ಬದುಕಿಡೀ ಬೆನ್ನು ಬಿಡುವುದಿಲ್ಲ. ಕಾಗದ ಕಂಡರೆ ಸಾಕು, ಕತ್ತರಿಸುತ್ತಿದ್ದ ಹುಡುಗಿಗೆ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ಹೆಸರಿಟ್ಟರು. ಈಗ ಅವಳ ಹೊಟ್ಟೆಪಾಡೂ ಅದೇ. ಕಟ್ಟಡ ಕಟ್ಟುವ ಕಂಪನಿಗಳಿಗೆ ರಟ್ಟಿನಲ್ಲಿ ಪುಟ್ಟ ಪುಟ್ಟ ಮಾದರಿ ಮನೆಗಳನ್ನು ಮಾಡಿಕೊಡುತ್ತಾಳೆ, ಹಾಲ್‌ನ ಮೂಲೆಯ ಮೇಜೇ ಅವಳ ಆಫೀಸು. ಗಂಡನೂ ಕಿವುಡನೇ. ಕಟ್ಟುಹಲ್ಲು ಮಾಡುವ ಕೆಲಸ, ಹಾಗಾಗಿ ಮುಂದಿನ ಹಲ್ಲನ್ನು ಬೆರಳಿನಿಂದ ಎರಡು ಸಲ ತಟ್ಟಿದರೆ ಅವನ ಹೆಸರು. ಹಲ್ಲು ಎಂದು ಕರೆಸಿಕೊಳ್ಳಲು ಅವನಿಗೆ ಯಾವ ಬೇಸರವೂ ಇಲ್ಲ.

ಮನೆಯವರ ಪೈಕಿ ಕಿವಿ ಕೇಳುವುದು ಅತ್ತೆಗೆ ಮಾತ್ರ, ಅದೂ ಮೂವರ ಪಾಲನ್ನು ಒಟ್ಟಿಗೆ ಕೊಟ್ಟಷ್ಟು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಅದು ಸಣ್ಣದೋ ದೊಡ್ಡದೋ ಎಂದು ಇಲ್ಲಿಂದಲೇ ಹೇಳುತ್ತಾರೆ ಎಂದು ಮಗನೇ ಚುಡಾಯಿಸುತ್ತಿದ್ದ. ಬೇರೆ ಊರಲ್ಲಿ ಅವರದೊಂದು ಲಾಂಡ್ರಿ ಅಂಗಡಿ. ಸೊಸೆಯ ಹೆರಿಗೆಗೆಂದು ಅಂಗಡಿಗೆ ಬೀಗ ಹಾಕಿ ಬಂದವರು ಇವತ್ತು ಸಂಜೆಯ ಬಸ್ಸಿಗೆ ವಾಪಸು ಹೊರಡಲೇಬೇಕು. ಒಬ್ಬರೇ ಹೊರಡುತ್ತಾರೋ ಇಲ್ಲವೋ ಎಂಬುದೇ ಇವತ್ತಿನ ಪ್ರಶ್ನೆ. ಬಾಯಿ, ಕೈ ಎರಡನ್ನೂ ಒಟ್ಟಿಗೆ ಆಡಿಸುತ್ತಾ ಅವರು ಆಸ್ಪತ್ರೆಯಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು.

"ಮಗು ಅತ್ರೆ ನಿಮ್ಮಿಬ್ಬರಿಗೂ ಹೇಳೋರು ಯಾರು? ಅವಳು ಅತ್ತಾಗ ನಿನ್ನ ದೀಪ ಹತ್ತಿದ್ರೆ ನಾನೊಬ್ಬಳೇ ಹೋಗ್ತೀನಿ. ಹತ್ತದಿದ್ರೆ ನೀನೂ ಮಗೂ ನನ್ನ ಜೊತೆ ಬರ್ಬೇಕು. ಅವಳು ನಡೆಯೋ ತನಕ ಅಲ್ಲೇ."

"ಹತ್ತುತ್ತೆ ಅತ್ತೆ. ಹತ್ತದಿದ್ರೆ ನೀವು ಹೇಳಿದ ಹಾಗೇ ಆಗ್ಲಿ," ಎಂದು ಕತ್ತರಿ ಮಾತು ಕೊಟ್ಟಿದ್ದಳು. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಆದರೆ ಹುಟ್ಟಿದಾಗಿನಿಂದ ಅವಳಿಗೂ ಲೋಕಕ್ಕೂ ನಡುವೆ ಕಿವಿ ಇದ್ದವರು ಯಾರಾದರೊಬ್ಬರು ನಿಂತೇ ಇದ್ದರು: ಅಮ್ಮ, ಅಣ್ಣ, ಟೀಚರು, ಕೊನೆಗೆ ಹೆರಿಗೆ ವಾರ್ಡಿನಲ್ಲಿ ಅವಳನ್ನು ಬಿಟ್ಟು ಅತ್ತೆಯ ಮುಖ ನೋಡಿ ಮಾತಾಡಿದ ನರ್ಸು. ಮಗಳ ವಿಷಯದಲ್ಲಿ ಮಾತ್ರ ನಡುವೆ ಯಾರೂ ಬೇಡ ಎಂದು ಅವಳ ಹಟ.

ಆ ಹಟಕ್ಕೆ ಬೆನ್ನೆಲುಬಾದವನು ಅಣ್ಣ. ಅವನಿಗೆ ಕಿವಿ ಕೇಳಿಸುತ್ತದೆ, ಕೈಮಾತೂ ಬರುತ್ತದೆ. ದೊಡ್ಡ ದೊಡ್ಡ ಮನೆ, ಆಫೀಸುಗಳಿಗೆ ಬುದ್ಧಿ ತುಂಬುವುದು ಅವನ ಕೆಲಸ. ಯಜಮಾನ ಎದ್ದರೆ ಪರದೆ ಸರಿಯಬೇಕು, ಮೀಟಿಂಗ್ ಕೋಣೆಗೆ ಮ್ಯಾನೇಜರು ಬಂದರೆ ತಣ್ಣಗಾಗಬೇಕು, ಅಕೌಂಟ್ಸಿನವರು ಬಂದರೆ ಬೆಚ್ಚಗಾಗಬೇಕು. "ಅಲ್ಲೆಲ್ಲ ಸಮುದ್ರದ ನೀಲಿ, ಸೂರ್ಯಾಸ್ತದ ಗುಲಾಬಿ ಅಂತ ನೂರು ಬಣ್ಣ ಕೇಳ್ತಾರೆ. ತಿಂಗಳು ಕಳೆದ ಮೇಲೆ ಒಂದೇ ಸ್ವಿಚ್ಚು ಒತ್ತಿ ಕೂತ್ಕೋತಾರೆ," ಎಂದು ಅವನು ನಗುತ್ತಿದ್ದ. ತಂಗಿಯ ಮನೆಯಲ್ಲಿ ಹಾಗಲ್ಲ. ಇಲ್ಲಿ ಒಂದೊಂದು ದೀಪಕ್ಕೂ ಕೈತುಂಬಾ ಕೆಲಸ.

ಎಲ್ಲಿ ಯಾವ ದೀಪ ಎಂದು ತೀರ್ಮಾನಿಸಲು ಕತ್ತರಿ ಮೊದಲು ತನ್ನ ಮನೆಯನ್ನೇ ರಟ್ಟಿನಲ್ಲಿ ಮಾಡಿದಳು. ಬಟಾಣಿ ಗಾತ್ರದ ಬಲ್ಬು ಸಿಕ್ಕಿಸಿ, ಬೆರಳುದ್ದದ ಕಾಗದದ ಹೆಂಗಸನ್ನು ಕೋಣೆಯಿಂದ ಕೋಣೆಗೆ ನಡೆಸಿ, ಅವಳು ಎಲ್ಲೇ ನಿಂತರೂ, ಯಾವ ಕಡೆ ತಿರುಗಿದರೂ ಒಂದು ಬೆಳಕಾದರೂ ಕಾಣುತ್ತದೆಯೇ ಎಂದು ನೋಡಿದಳು. ಬಚ್ಚಲ ಬಾಗಿಲ ಹಿಂದೆ ಕಾಣುತ್ತಿರಲಿಲ್ಲ, ಅಲ್ಲಿಗೂ ಒಂದು ಬಂತು. ಬಾಗಿಲಿಗೆ ಯಾರಾದರೂ ಬಂದರೆ ಹಸಿರು. ಕಂಪನಿಯವರ ವಿಡಿಯೊ ಕಾಲ್ ಬಂದರೆ ಕೆಲಸದ ಮೇಜಿನ ಮೇಲೆ ಮಾತ್ರ ನೀಲಿ. ಒಲೆಯ ಮೇಲಿನ ಹಾಲು ಉಕ್ಕಲು ಹೊರಟರೆ ಬಿಳಿ ಮಿಣುಕು. ಮಗು ಅತ್ತರೆ ಎಲ್ಲಾ ಕೋಣೆಗಳಲ್ಲೂ ಒಟ್ಟಿಗೆ ಕಿತ್ತಳೆ, ಮಲಗಿದ್ದಾಗಲಾದರೆ ದಿಂಬಿನ ಕೆಳಗೆ ನಡುಗುವ ಒಂದು ಬಿಲ್ಲೆ. ಕೈಗೆ ಕಟ್ಟುವ ಪಟ್ಟಿ ಸುಲಭ ಎಂದು ಅಣ್ಣ ಹೇಳಿ ನೋಡಿದ. ಬ್ಲೇಡು ಹಿಡಿದ ಕೈ ಇದ್ದಕ್ಕಿದ್ದಂತೆ ನಡುಗಿದರೆ ಬೆರಳು ಯಾರು ಕೊಡುತ್ತಾರೆ ಎಂದು ಅವಳು ಕೇಳಿದ ಮೇಲೆ ಅದನ್ನು ಕೈಬಿಟ್ಟ. ಕೆಂಪು ಬಣ್ಣವೂ ಬೇಡವೆಂದಳು. ಮಗು ಅಳುವುದು ಕರೆಯುವುದಕ್ಕೆ, ಬೆಂಕಿ ಬಿದ್ದಂತೆ ಯಾಕೆ ಓಡಬೇಕು?

ಅಳು ಗುರುತಿಸುವ ಏರ್ಪಾಡು, ದೀಪಗಳನ್ನೆಲ್ಲ ಆಡಿಸಲು ಅಣ್ಣ ತಂದಿಟ್ಟ ಪೆಟ್ಟಿಗೆಯಲ್ಲಿ ಸಿದ್ಧವಾಗಿಯೇ ಬಂದಿತ್ತು. ಆದರೆ ಅದಕ್ಕೆ ನಮ್ಮವರು ತಮ್ಮವರು ಎಂಬ ಭೇದವಿರಲಿಲ್ಲ. ಮೇಲಿನ ಮನೆಯ ತುಂಟ ಹಗಲಿಡೀ ರಚ್ಚೆ ಹಿಡಿಯುತ್ತಿದ್ದ, ಕೆಳಗೆ ಇವರ ಮನೆ ಹಗಲಿಡೀ ಕಿತ್ತಳೆಯಾಗಿರುತ್ತಿತ್ತು. ಅದನ್ನು ತೆಗೆದುಹಾಕಿ ನಿಮ್ಮ ಮನೆಯ ಅಳುವನ್ನೇ ಕಲಿಸೋಣ, ಕೆಲವು ಸ್ಯಾಂಪಲ್ ಸಾಕು ಎಂದ ಅಣ್ಣ. ಮಗು ಇನ್ನೂ ಹೊಟ್ಟೆಯಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಲೋಕ ಕಂಡಿದೆ, ಇವರು ಕೂಸು ಹುಟ್ಟುವ ಮುಂಚೆ ಅಳುವನ್ನೇ ಹೊಲಿಸಲು ಹೊರಟರು.

ಆ ಭಾನುವಾರ ಮನೆಯಲ್ಲಿ ಅಳುವ ಸ್ಪರ್ಧೆ ನಡೆಯಿತು. ಅಣ್ಣ ಅತ್ತ. ಎದುರು ಮನೆಯ ಸಂಗೀತದ ಮೇಷ್ಟ್ರು ತಾಳ ತಪ್ಪದಂತೆ ಅತ್ತರು. ಆಗಷ್ಟೇ ಬಂದಿಳಿದಿದ್ದ ಅತ್ತೆ ಮೊದಲು ಒಲ್ಲೆ ಎಂದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಎಲ್ಲರನ್ನೂ ಮೀರಿಸಿದರು. ಮನೆ ಯಾರದೋ ಅವರೇ ಆರಿಸಲಿ ಎಂದು ತೀರ್ಪನ್ನು ಅಣ್ಣ ಗಂಡ ಹೆಂಡತಿಗೆ ಬಿಟ್ಟ. ಇಬ್ಬರೂ ಕೆಂಪು ಪೆನ್ನು ಹಿಡಿದು ಸೋಫಾದಲ್ಲಿ ಕೂತು, ಪ್ರತಿಯೊಬ್ಬರ ಮುಖ ನೋಡಿ ಅಂಕ ಕೊಟ್ಟರು. ಮೂಗು ಸುಕ್ಕಾಗಿ, ಗದ್ದ ನಡುಗಿ, ಬಾಯಿ ಕಿವಿಯವರೆಗೂ ತೆರೆದ ಅತ್ತೆಗೆ ಪೂರ್ತಿ ಅಂಕ. ಅಣ್ಣ ನಗುತ್ತಲೇ ಅತ್ತೆಯ ಅಳುವನ್ನೆಲ್ಲ ಪೆಟ್ಟಿಗೆಗೆ ತುಂಬಿದ. ಮಗು ಬಂದ ಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದ, ಆಮೇಲೆ ಯಾವುದೋ ಇಪ್ಪತ್ತು ಮಹಡಿಯ ಆಫೀಸಿನ ಕೆಲಸ ಬಂದು ಅದು ಅವನ ತಲೆಯಿಂದಲೇ ಹಾರಿಹೋಯಿತು.

ಹೀಗಿರುವ ಮನೆಗೆ ಮಗಳು ಬಂದಳು. ಅತ್ತೆ ಗಂಟೆ ಒತ್ತಿದರು, ಖಾಲಿ ಮನೆ ಒಳಗೆಲ್ಲ ಹಸಿರಾಗಿ ಸ್ವಾಗತಿಸಿತು. ಕತ್ತರಿ ಮಗಳನ್ನೆತ್ತಿಕೊಂಡು ಒಂದೊಂದೇ ದೀಪದ ಕೆಳಗೆ ನಿಂತು ಪರಿಚಯ ಮಾಡಿಸಿದಳು, ಮಗಳು ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಒಪ್ಪಿಕೊಂಡಳು. ತೊಟ್ಟಿಲಲ್ಲಿ ಮಲಗಿಸಿ, ಹೊದಿಕೆ ಸರಿಮಾಡಿ, ಗಂಡ ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತಾಗಿರಬೇಕು. ಮಗುವಿನ ಹುಬ್ಬು ಗಂಟಾಯಿತು. ತುಟಿ ನಡುಗಿತು. ಬಾಯಿ ದೊಡ್ಡದಾಗಿ ತೆರೆದುಕೊಂಡಿತು. ಕತ್ತರಿಯ ಎದೆ ಹಿಗ್ಗಿಹೋಯಿತು. ಮಗಳು ಅಳುತ್ತಿದ್ದಾಳೆ. ಖುಷಿಯಿಂದ ತಲೆಯೆತ್ತಿ ದೀಪ ನೋಡಿದಳು.

ದೀಪ ತೆಪ್ಪಗಿತ್ತು.

ಅಡುಗೆಮನೆಯಿಂದ ಓಡಿ ಬಂದ ಅತ್ತೆ ಅವಳನ್ನು ದಾಟಿ ಹೋಗಿ ಮಗುವನ್ನು ಎತ್ತಿಕೊಂಡೇ ಬಿಟ್ಟರು. ಹೀಯಾಳಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಗುವನ್ನು ಎದೆಗೊತ್ತಿಕೊಂಡು, ಮುಖವನ್ನು ಅಳುಮೋರೆ ಮಾಡಿ, "ಅಯ್ಯಯ್ಯೋ ನನ್ನ ಕಂದಾ, ನಿನ್ನ ಕೂಗು ಈ ಮನೇಲಿ ಯಾರಿಗೂ ಕೇಳಿಸ್ಲಿಲ್ವಾ," ಎಂದು ರಾಗ ಎಳೆದರು.

ಮನೆಯೆಲ್ಲ ಧಗ್ಗನೆ ಕಿತ್ತಳೆಯಾಯಿತು. ಹಾಲ್, ಅಡುಗೆಮನೆ, ಮೇಜು, ಯಾವುದೂ ಬಾಕಿ ಉಳಿಯಲಿಲ್ಲ. ಬಚ್ಚಲಿನಿಂದ ಹಲ್ಲು ಸೋಪಿನ ನೊರೆ ಸಮೇತ ಓಡಿಬಂದ. ನೋಡಿದರೆ ಮಗು ಅಳು ನಿಲ್ಲಿಸಿ ಅಜ್ಜಿಯ ಭುಜದ ಮೇಲೆ ಆಕಳಿಸುತ್ತಿದೆ. ಅಜ್ಜಿ ಬೆಪ್ಪಾಗಿ ನಿಂತಿದ್ದಾರೆ. ಅವನಿಗೇ ಮೊದಲು ಹೊಳೆಯಿತು.

"ಅಮ್ಮ, ಮನೆ ನಿನ್ನನ್ನೇ ಮಗು ಅಂದ್ಕೊಂಡಿದೆ," ಎಂದು ನೊರೆ ತುಂಬಿದ ಕೈಯಲ್ಲಿ ಹೇಳಿದ.

ಕತ್ತರಿ ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕಳು. ನಗುತ್ತಾ ನಗುತ್ತಾ ಅವಳಿಗೆ ಅಳು ಬಂತು. ತಪ್ಪು ಪೆಟ್ಟಿಗೆಯದಲ್ಲ, ಅಣ್ಣನದು ಅರ್ಧ, ಮಿಕ್ಕಿದ್ದು ತಮ್ಮದೇ. ಅಳುವನ್ನು ಮುಖ ನೋಡಿ ಆರಿಸುವ ತೀರ್ಪುಗಾರರು ಈ ಭೂಮಿಯ ಮೇಲೆ ತಾವಿಬ್ಬರೇ ಇರಬೇಕು. ಕೊಟ್ಟ ಮಾತು ನೆನಪಾಯಿತು, ಸಂಜೆಯ ಬಸ್ಸೂ ನೆನಪಾಯಿತು. ಅತ್ತೆ ಆಗಲೇ ಮಗುವಿನ ಬಟ್ಟೆಗಳನ್ನು ಒಂದು ಕಡೆ ಜೋಡಿಸತೊಡಗಿದ್ದರು.

"ಸಂಜೆ ಇನ್ನೂ ಆಗಿಲ್ಲ ಅತ್ತೆ," ಎಂದು ಕತ್ತರಿ ಆ ಬಟ್ಟೆಗಳನ್ನು ತಿರುಗಿ ಕಪಾಟಿನಲ್ಲಿಟ್ಟಳು. ಅಣ್ಣನಿಗೆ ಮೆಸೇಜು ಹೋಯಿತು. ಅವನು ಊಟ ಅರ್ಧಕ್ಕೆ ಬಿಟ್ಟು, ತಲೆ ಕೆರೆದುಕೊಳ್ಳುತ್ತಾ ಬಂದ.

ಅತ್ತೆಯ ಅಳುವನ್ನೆಲ್ಲ ಅಳಿಸಿಹಾಕಲು ಎರಡು ನಿಮಿಷ ಸಾಕಾಯಿತು. "ಇನ್ನು ಇವಳೇ ಅಳ್ಬೇಕು. ಕಡಿಮೆ ಅಂದ್ರೂ ಆರೇಳು ಸಲ. ಅತ್ತ ತಕ್ಷಣ ನಾನು ಹಿಡ್ಕೋತೀನಿ," ಎಂದು ಫೋನು ಹಿಡಿದು ತೊಟ್ಟಿಲ ಪಕ್ಕ ಕೂತ. ಎಲ್ಲರೂ ಕೂತರು. ಮಗು ಹೊಟ್ಟೆ ತುಂಬಾ ಹಾಲು ಕುಡಿದು, ಸಾಹುಕಾರನ ಹಾಗೆ ನಿದ್ದೆ ಹೊಡೆಯುತ್ತಿತ್ತು. ಬೇರೆ ಮನೆಗಳಲ್ಲಿ ಮಗು ಅಳದಿರಲಪ್ಪ ಎಂದು ಬೇಡಿಕೊಳ್ಳುತ್ತಾರೆ. ಇಲ್ಲಿ ನಾಲ್ಕು ಜನ ದೊಡ್ಡವರು ಉಸಿರು ಬಿಗಿಹಿಡಿದು, ಒಂದು ಸಲ ಅಳಬಾರದೇ ತಾಯಿ ಎಂದು ಕಾಯುತ್ತಿದ್ದರು.

ಕಾದು ಕಾದು ಅಣ್ಣನಿಗೆ ತಡೆಯಲಾಗಲಿಲ್ಲ. "ಮೆಲ್ಲಗೆ ಒಂದ್ಸಲ ಚಿವುಟ್ಲಾ?"

"ಮಗೂನ ಚಿವುಟಿ ತೊಟ್ಟಿಲು ತೂಗೋರು ಇರ್ತಾರೆ ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ," ಎಂದರು ಅತ್ತೆ.

ಕತ್ತರಿ ಇಬ್ಬರ ನಡುವೆ ಕೈ ತಂದಳು. "ಯಾರೂ ಚಿವುಟೋ ಹಾಗಿಲ್ಲ, ಹಸಿವಲ್ಲಿ ಇಡೋ ಹಾಗೂ ಇಲ್ಲ. ಅವಳಿಗೆ ಬೇಕಾದಾಗ ಅಳ್ತಾಳೆ. ಬಸ್ಸಿನ ಹೊತ್ತಿಗೂ ದೀಪ ಹತ್ತದಿದ್ರೆ ಕೊಟ್ಟ ಮಾತಿನ ಹಾಗೆ ನಾನೂ ಹೋಗ್ತೀನಿ." ಹೇಳುವಾಗ ಅವಳ ಕೈ ಗಟ್ಟಿಯಾಗಿತ್ತು. ಅತ್ತೆ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

ಕೊನೆಗೆ ಒದ್ದೆ ಬಟ್ಟೆ ಕೈ ಹಿಡಿಯಿತು. ಮಗು ಕಣ್ಣು ಬಿಟ್ಟು, ಮುಖ ಕೆಂಪಗೆ ಮಾಡಿ, ಅತ್ತಿತು. ಅಣ್ಣ ಹೆಬ್ಬೆರಳು ಎತ್ತಿದ, ಹಲ್ಲು ಅವನ ಬೆನ್ನಿಗೆ ಗುದ್ದಿದ, ಕತ್ತರಿ ಮಗಳನ್ನೆತ್ತಿ ಮುದ್ದಿಟ್ಟಳು. ಅತ್ತದ್ದಕ್ಕೆ ಇಷ್ಟು ಸಂಭ್ರಮ ಕಂಡ ಮಗು ಗಾಬರಿಯಾಗಿ ಇನ್ನೊಂದು ಸಲ ಅತ್ತಿತು, ಅದೂ ಸಿಕ್ಕಿತು. ಅಣ್ಣ ಫೋನಿನ ಪರದೆಯಲ್ಲಿ ಅಳುವಿನ ಚಿತ್ರ ತೋರಿಸಿದ. ಚೂಪಾದ ಸಣ್ಣ ಗುಡ್ಡಗಳು, ನಡುನಡುವೆ ಉಸಿರೆಳೆದುಕೊಳ್ಳುವ ಕಣಿವೆಗಳು. ಹಳೆಯ ಫೈಲಿನಲ್ಲಿ ಉಳಿದಿದ್ದ ಅತ್ತೆಯ ಅಳುವನ್ನೂ ಪಕ್ಕದಲ್ಲಿಟ್ಟ. ಅದು ಈ ತುದಿಯಿಂದ ಆ ತುದಿಗೆ ಒಂದೇ ಕಾಂಪೌಂಡು ಗೋಡೆ. ಮಿಲಿಮೀಟರಿನಲ್ಲಿ ಗೋಡೆ ಅಳೆಯುವವಳಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿರಲಿಲ್ಲ. ಮಗಳ ಅಳು ಹೀಗಿದೆ ಎಂದು ಅವಳು ಆ ಗುಡ್ಡಗಳನ್ನು ಬೆರಳಲ್ಲಿ ಮತ್ತೆ ಮತ್ತೆ ಸವರಿದಳು. ತನ್ನವಳ ಅಳು, ಬೇರೆ ಯಾರದ್ದೂ ಅಲ್ಲ.

ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಬಿಕ್ಕಳಿಕೆ ಬಂದು ಅತ್ತಳು, ಅಂಗಿ ತೊಡಿಸುವಾಗ ಅತ್ತಳು, ಸೋದರಮಾವ ಎತ್ತಿಕೊಂಡದ್ದಕ್ಕೆ ಅತ್ತಳು. ಪೆಟ್ಟಿಗೆ ಕಲಿಯಿತು. ಅದಾದ ಮೇಲೆ ಅತ್ತಾಗ ಮನೆ ಕಿತ್ತಳೆಯಾಯಿತು, ಆದರೆ ಮಗು ಗಂಟಲು ಹರಿಯುವಂತೆ ಅತ್ತ ಮೇಲೆ, ತಡವಾಗಿ. ಇಷ್ಟಾದರೂ ಆಯಿತಲ್ಲ ಎಂದು ಅಣ್ಣ ಸಾಮಾನು ಚೀಲಕ್ಕೆ ತುಂಬತೊಡಗಿದ.

"ನಿಲ್ಲು," ಎಂದರು ಅತ್ತೆ. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ಎದ್ದು ಬಂದರು. "ನಿನಗೆ ಕಿವಿ ಇದ್ದೂ ಪ್ರಯೋಜನ ಇಲ್ಲ. ಅವಳು ಮೊದಲೇ ಅಳಲ್ಲ. ಮೊದಲು ಕುಂಯ್ ಅಂತಾಳೆ. ಒಂದ್ಸಲ ಕುಂಯ್, ಆಮೇಲೆ ಸ್ವಲ್ಪ ಕಾಯ್ತಾಳೆ, ಯಾರೂ ಬರದಿದ್ರೆ ಇನ್ನೊಂದ್ಸಲ. ಆಮೇಲೇ ಅಳು. ಆ ಕುಂಯ್‌ನ ಕಲಿಸು. ಮಗು ಅಷ್ಟೊಂದು ಅಳೋ ತನಕ ತಾಯಿ ಯಾಕೆ ಕಾಯ್ಬೇಕು?"

ಅಣ್ಣನಿಗೆ ಅದು ಕೇಳಿಸಿರಲೇ ಇಲ್ಲ. ಅತ್ತೆ ಹೇಳದೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ದೀಪ ತಡವಾಗಿ ಹತ್ತುತ್ತದೆ ಎಂದು ಸೊಸೆ, ಮೊಮ್ಮಗಳನ್ನು ಕರೆದುಕೊಂಡೇ ಬಸ್ಸು ಹತ್ತಬಹುದಿತ್ತು. ಕತ್ತರಿ ಅವರ ಕೈಗಳನ್ನೇ ನೋಡುತ್ತಿದ್ದಳು. ಅತ್ತೆ ಕುಂಯ್ ಎನ್ನುವುದನ್ನು ಹೆಬ್ಬೆರಳು ತೋರುಬೆರಳ ನಡುವೆ ಒಂದು ದಾರ ಎಳೆದ ಹಾಗೆ ಮಾಡಿ ತೋರಿಸಿದ್ದರು. ಅಷ್ಟು ಸಣ್ಣ ಸದ್ದು ಎಂದು ಅವಳಿಗೆ ಆಗಲೇ ತಿಳಿದದ್ದು. ಅಣ್ಣ ಮತ್ತೆ ಕೂತ. ಅತ್ತೆ ಬೆರಳೆತ್ತಿದಾಗೆಲ್ಲ ಫೋನು ಒತ್ತಿದ, ಕುಂಯ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ.

ಬಿಸಿಲು ಮೇಜಿನಿಂದ ಗೋಡೆಗೆ ಹತ್ತಿತು. ಅತ್ತೆಯ ಚೀಲ ಬಾಗಿಲ ಹತ್ತಿರ ಬಂದು ಕೂತಿತು. ಕೊನೆಯ ಪರೀಕ್ಷೆಯ ನಿಯಮವನ್ನು ಕತ್ತರಿಯೇ ಹಾಕಿದಳು. ಕಿವಿ ಇದ್ದವರು ಕಣ್ಣಿಗೆ ಬೀಳಬಾರದು, ಅವರ ಮುಖವೇ ಸುದ್ದಿ ಹೇಳಿಬಿಡುತ್ತದೆ. ಅಣ್ಣ ಹೊರಗೆ ಮೆಟ್ಟಿಲ ಮೇಲೆ ಕೂರಬೇಕು. ಅತ್ತೆ ಒಳಕೋಣೆಯಲ್ಲಿ ಬಟ್ಟೆ ಮಡಚಿಕೊಂಡು ಇರಬೇಕು. ಹಲ್ಲು ಅಡುಗೆಮನೆಯಲ್ಲಿ ಪಾತ್ರೆ ತೊಳೆಯಬೇಕು. ತಾನು ಮೇಜಿಗೆ ಕೂತು, ತೊಟ್ಟಿಲ ಕೋಣೆಗೆ ಬೆನ್ನು ಮಾಡಿ, ಕೆಲಸ ಮಾಡಬೇಕು. ತಿರುಗಿ ನೋಡುವ ಹಾಗಿಲ್ಲ.

ಮೇಜಿನ ಮೇಲೆ ಅರ್ಧ ಮುಗಿದ ಒಂದು ಮಾದರಿ ಕಟ್ಟಡವಿತ್ತು. ಒಂದು ಕಿಟಕಿಯ ಚೌಕಟ್ಟು ಕತ್ತರಿಸಿದಳು, ಅಂಟು ಹಚ್ಚಿದಳು, ಸೊಟ್ಟಗಾಯಿತು, ಕಿತ್ತಳು. ಇನ್ನೊಂದು ಕತ್ತರಿಸಿದಳು. ದೀಪ ಸುಮ್ಮನಿತ್ತು. ಮಗಳು ಮಲಗಿದ್ದಾಳೆ, ಅಷ್ಟೇ. ಅಥವಾ ಬೆಳಿಗ್ಗೆ ಆದಂತೆ ಈಗಲೂ ಬಾಯಿ ತೆರೆದು ಅಳುತ್ತಿದ್ದಾಳೆ, ದೀಪಕ್ಕೆ ಗೊತ್ತಾಗುತ್ತಿಲ್ಲ. ಇವಳಿಗೂ ಗೊತ್ತಾಗುತ್ತಿಲ್ಲ. ಕುತ್ತಿಗೆ ತಾನಾಗಿಯೇ ತಿರುಗಲು ನೋಡಿತು. ಒಂದೇ ಒಂದು ಸಲ ಹಿಂದೆ ನೋಡಿದರೆ ನೆಮ್ಮದಿ, ಆದರೆ ಇವತ್ತು ತಿರುಗಿದವಳು ನಾಳೆಯೂ ತಿರುಗುತ್ತಾಳೆ, ಜನ್ಮವಿಡೀ ತಿರುಗಿ ನೋಡುತ್ತಲೇ ಇರುತ್ತಾಳೆ. ಈ ದೀಪವನ್ನು ನಂಬಬೇಕು ಅಥವಾ ಆ ಬಸ್ಸು ಹತ್ತಬೇಕು. ಕತ್ತರಿ ಮೂರನೇ ಕಿಟಕಿಗೆ ಅಳತೆ ಹಾಕಿದಳು.

ರಟ್ಟಿನ ಗೋಡೆ ಕಿತ್ತಳೆಯಾಯಿತು. ಅವಳ ಬೆರಳು, ಬ್ಲೇಡು, ಅಂಟಿನ ಬಾಟಲಿ ಎಲ್ಲವೂ ಕಿತ್ತಳೆ. ಕುರ್ಚಿ ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹೊಲಿಗೆ, ಬಾಣಂತಿತನ, ಅತ್ತೆಯ ಗದರಿಕೆ ಯಾವುದೂ ನೆನಪಿಲ್ಲದೆ ಓಡಿದಳು. ಅಡುಗೆಮನೆಯಿಂದ ಒದ್ದೆ ಕೈಯಲ್ಲಿ ಹಲ್ಲು ಓಡಿಬರುತ್ತಿದ್ದ, ಅವನಿಗಿಂತ ಮೊದಲು ಅವಳು ಬಾಗಿಲು ದಾಟಿದಳು.

ತೊಟ್ಟಿಲ ಪಕ್ಕದಲ್ಲಿ ಅತ್ತೆ ನಿಂತಿದ್ದರು.

ಅವರಿಗೆ ಮೊದಲೇ ಕೇಳಿಸಿತ್ತು, ಕೇಳಿಸದೆ ಇರುತ್ತದೆಯೇ? ಒಳಕೋಣೆಯಿಂದ ಕಾಲು ತಾನಾಗಿ ಕರೆದುಕೊಂಡು ಬಂದಿತ್ತು. ಮಗು ಹುಬ್ಬು ಗಂಟಿಕ್ಕಿ ಎರಡನೇ ಕುಂಯ್‌ಗೆ ತಯಾರಾಗುತ್ತಿತ್ತು, ಅಳು ಇನ್ನೂ ಬಂದಿರಲಿಲ್ಲ. ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳುಗಳು ಬಿಳಿಚಿಕೊಂಡಿದ್ದವು. ಕೆನ್ನೆ ಒದ್ದೆಯಾಗಿತ್ತು. ಸೊಸೆ ಬಂದದ್ದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

ಕತ್ತರಿ ಮಗಳನ್ನು ಎತ್ತಿಕೊಂಡಳು. ಮಗು ಅಳುವುದನ್ನು ಮರೆತು ಅವಳ ಕುತ್ತಿಗೆಗೆ ಮೂಗು ಉಜ್ಜಿತು.

ಅತ್ತೆ ಆಗ ಕೈ ಬಿಚ್ಚಿದರು. ಬಾಯಿ ಆಡಿಸಲಿಲ್ಲ, ಕೈಯಲ್ಲಿ ಮಾತ್ರ ಹೇಳಿದರು. "ಕರೆದಳು. ನೀನು ಬಂದೆ."

ಕಣ್ಣೊರೆಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡರು.